ಮಸಿಕೇರಿಗೆ ಬಂದ ಓಲೆ

ಆ ಊರಿನ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ಬಾಯಿ ಮುಕ್ಕಳಿಸಬೇಕಾಗುತ್ತದೆ. ಒಂದು ಹೊಳೆ, ಹೊಳೆಯ ಈಚೆಗೆ ಸುಣ್ಣ ಬಳಿದ ಮನೆಗಳು, ಮನೆಗಳ ನಡುವೆ ಒಂದು ದೊಡ್ಡ ಚಾವಡಿ. ಇಷ್ಟು ಗೊತ್ತಾದರೆ ಸಾಕು. ಇಂಥ ಊರನ್ನು ನೀವು ಎಲ್ಲಾದರೂ ಕಂಡೇ ಇರುತ್ತೀರಿ. ಕಂಡಿಲ್ಲ ಎನ್ನುವವರು ಅಲ್ಲೇ ವಾಸವಾಗಿರುತ್ತೀರಿ, ಅಷ್ಟೇ.

ಆ ಊರಿಗೊಂದು ಕಟ್ಟಳೆ ಇತ್ತು. ಚಾವಡಿಯಿಂದ ಬಂದ ಓಲೆಯನ್ನು ಮೊದಲು ಹೊಗಳಬೇಕು, ಆಮೇಲೆ ಓದಬೇಕು. ಹೊಗಳಿದವರು ಒಪ್ಪಿದ ಹಾಗೆ. ಒಪ್ಪಿದ ಮೇಲೆ ಓಲೆಯಲ್ಲಿ ಏನಿದ್ದರೂ ಅದು ನಡೆಯಲೇಬೇಕು.

ಓಲೆಕಾರ ತಾಮ್ರದ ಹರಿವಾಣ ಹೊತ್ತು ಬರುತ್ತಿದ್ದ, ಹಾಡುಹಗಲಲ್ಲಿ, ಎಲ್ಲರೂ ನೋಡುವ ಹಾಗೆ. ಕೇರಿಯ ಬಾಯಲ್ಲಿ ನಿಂತು ಓಲೆಯ ಮೇಲಿನ ರೇಷ್ಮೆ ವಸ್ತ್ರ ಸರಿಸುತ್ತಿದ್ದ. "ಹೇಗಿದೆ?" ಎಂದು ಕೇಳುತ್ತಿದ್ದ. ಕೇರಿಯಲ್ಲಿ ಯಾರಿಗೆ ಎಲ್ಲರಿಗಿಂತ ಹೆಚ್ಚು ವಯಸ್ಸೋ ಅವರದು ಹಿರಿಯ ಬಾಯಿ; ಉತ್ತರ ಕೊಡುವ ಹಕ್ಕು ಅವರೊಬ್ಬರದೇ. ಹಿರಿಯ ಬಾಯಿ "ಚೆಂದ" ಎಂದರೆ ಮುಗಿಯಿತು, ಕೇರಿಯೆಲ್ಲ ಒಪ್ಪಿದ ಹಾಗೆ. ಮೂರು ಸಲ ಕೇಳಿದರೂ "ಚೆಂದ" ಬಾರದಿದ್ದರೆ ಓಲೆ ಹಿಂದಕ್ಕೆ ಹೋಗಬೇಕು, ಅದರಲ್ಲಿ ಬರೆದದ್ದು ಬಿದ್ದುಹೋಗಬೇಕು. ಕಟ್ಟಳೆಯಲ್ಲಿ ಅದಕ್ಕೂ ಜಾಗವಿತ್ತು. ಆದರೆ ಹಾಗೆ ಮಾಡುವವರು ಯಾರು? ಅಕ್ಷರ ಅಷ್ಟು ಚೆಂದವಾಗಿರುತ್ತಿತ್ತಲ್ಲ!

ಅದನ್ನು ಶೃಂಗಾರದಕ್ಷರ ಎಂದು ಕರೆಯುತ್ತಿದ್ದರು. ಒಂದೊಂದು ತಲೆಕಟ್ಟೂ ನಯವಾಗಿ ಎದ್ದು ನಯವಾಗಿ ಬಾಗುತ್ತಿತ್ತು. ಕೊಂಬುಗಳು ಸುರುಳಿ ಸುರುಳಿಯಾಗಿ ಓಲೆಯ ಅಂಚಿನವರೆಗೆ ಹಬ್ಬುತ್ತಿದ್ದವು. ಒತ್ತಕ್ಷರಗಳು ಗೆಜ್ಜೆ ಕಟ್ಟಿಕೊಂಡ ಹಾಗೆ ಕೆಳಗೆ ತೂಗುತ್ತಿದ್ದವು. ಕುಂಬಾರರ ಕೇರಿಯ ಬಾವಿಯನ್ನು ಚಾವಡಿ ಕಿತ್ತುಕೊಂಡದ್ದು ಇದೇ ಅಕ್ಷರದಲ್ಲಿ. ದನಗಾಹಿಗಳ ಬಯಲಿಗೆ ಬೇಲಿ ಬಿದ್ದದ್ದೂ ಇದೇ ಅಕ್ಷರದಲ್ಲಿ. ಓಲೆಗೆ ಗಂಧ ಹಚ್ಚಿ, ಹೂ ಮುಡಿಸಿ, ಬಿಳಿ ಗೋಡೆಗೆ ತೂಗುಹಾಕುತ್ತಿದ್ದರು. ಹೊಳೆಯಿಂದ ನೀರು ಹೊತ್ತು ಸೊಂಟ ಮುರಿದುಕೊಂಡು ಬಂದವಳು ಕೊಡ ಇಳಿಸಿ, ಗೋಡೆ ನೋಡಿ, "ಏನೇ ಅನ್ನಿ, ಆ ಕೊಂಬು ನೋಡಿ ಆ ಕೊಂಬು!" ಎನ್ನುತ್ತಿದ್ದಳು. ಥೂ, ಇಂಥವರಿಗೆ ಏನು ಹೇಳುವುದು?

ಈ ಅಕ್ಷರ ಕೊರೆಯುತ್ತಿದ್ದವಳು ಒಬ್ಬ ಹೆಂಗಸು. ಅವಳನ್ನು ಮೊಳೆಗಾತಿ ಎನ್ನುತ್ತಿದ್ದರು. ಚಾವಡಿಯ ಹಿತ್ತಿಲಲ್ಲಿ ಕೂತು ಅಕ್ಷರಕ್ಕೆ ಅಚ್ಚು ಕೊರೆದು, ಅಚ್ಚಿಗೆ ಸೀಸ ಕಾಯಿಸಿ ಹೊಯ್ದು, ಮೊಳೆ ಮಾಡಿ, ಮೊಳೆ ಜೋಡಿಸಿ, ಮಸಿ ಬಳಿದು ಓಲೆ ಒತ್ತುವುದು ಅವಳ ಕೆಲಸ. ಒಂದು ಓಲೆಯ ಮೊಳೆ ಇನ್ನೊಂದು ಓಲೆಗೆ ಸಲ್ಲದು. ಪ್ರತಿ ಓಲೆಗೂ ಹೊಸದಾಗಿ ಕೊರೆಯಬೇಕು, ಹೊಸದಾಗಿ ಹೊಯ್ಯಬೇಕು. ಓಲೆ ಕೇರಿಗೆ ಹೊರಟಾಗಲೇ ಮೊಳೆಗಳನ್ನು ಕರಗಲು ಇಡುತ್ತಿದ್ದರು. ಕೇರಿ "ಚೆಂದ" ಎಂದರೆ ಸೀಸವನ್ನು ಗುಡಾಣಕ್ಕೆ ಹಾಕುತ್ತಿದ್ದರು. ಕೇರಿ "ಚೆಂದ" ಎನ್ನದಿದ್ದರೆ? ಅದೇ ಸೀಸವನ್ನು ಕೊರೆದವರ ಬಲ ಅಂಗೈಗೆ ಸುರಿಯುತ್ತಿದ್ದರು. ಅದೂ ಕಟ್ಟಳೆಯೇ.

ಊರಿನ ತಗ್ಗಿನಲ್ಲಿ ಮಸಿಕೇರಿ. ನಲವತ್ತು ಮನೆ. ಎಣ್ಣೆಬತ್ತಿ ಹಚ್ಚಿ, ಮೇಲೆ ಮಡಕೆ ಕವುಚಿ, ಮಡಕೆಗೆ ಕಟ್ಟಿದ ಕಾಡಿಗೆ ಕೆರೆದು, ಗೋಂದು ಹಾಕಿ ಅರೆದು ಮಸಿ ಮಾಡುವ ಜನ. ಅವರ ಕೈ ಕಪ್ಪು, ಮಾಡು ಕಪ್ಪು, ಹಿತ್ತಿಲ ಬೆಕ್ಕೂ ಕಪ್ಪು. ಮೊಳೆಗಾತಿ ಹುಟ್ಟಿದ್ದು ಆ ಕೇರಿಯಲ್ಲೇ. ಅಲ್ಲಿ ಹಿರಿಯ ಬಾಯಿ ಅವಳ ತಾಯಿಯದು.

ಆ ಬಾಯಿಯ ಬಗ್ಗೆ ಹೇಳಲೇಬೇಕು. ಆ ಮುದುಕಿ ಹುಟ್ಟಿದಾರಭ್ಯ ಯಾವುದನ್ನೂ ಹೊಗಳಿದವಳಲ್ಲ. ಹುಣ್ಣಿಮೆ ಚಂದ್ರನನ್ನು ನೋಡಿ, "ದೋಸೆ ಒಂದು ಕಡೆ ಸೀದಿದೆ" ಎಂದವಳು. ತನ್ನ ಮದುವೆಯಲ್ಲಿ ಅಂತರಪಟ ಸರಿಸಿದಾಗ, "ಇವನೇನಾ?" ಎಂದವಳು. ಮಗಳು ಸಣ್ಣವಳಿದ್ದಾಗ ಮಸಿಗೋಡೆಯ ಮೇಲೆ ಉಗುರಿನಲ್ಲಿ ಮೊದಲ ಅಕ್ಷರ ಗೀರಿದಳು. ಕೇರಿಯೆಲ್ಲ ಬಂದು ನೋಡಿ ಬೆರಗಾಯಿತು. ತಾಯಿ ಬಂದು ನೋಡಿ, "ಗೋಡೆ ಹಾಳು ಮಾಡಿದೆಯಲ್ಲೇ ಕೋತಿ" ಎಂದಳು. ಮೊಳೆಗಾತಿಗೆ ಈಗ ನಲವತ್ತು ದಾಟಿತ್ತು. ಊರಿಗೆ ಊರೇ ಹಾಡಿ ಹೊಗಳುವ ಕೈ ಅವಳದು. ಆದರೂ ಎದೆಯೊಳಗೆ ಆ ಹುಡುಗಿ ಗೋಡೆಯ ಮುಂದೆ ಇನ್ನೂ ನಿಂತೇ ಇದ್ದಳು, ತಾಯಿ ಏನಾದರೂ ಒಂದು ಒಳ್ಳೆಯ ಮಾತು ಹೇಳುತ್ತಾಳೇನೋ ಎಂದು.

ಒಂಬತ್ತು ವರ್ಷದ ಹಿಂದೆ ಮಸಿಕೇರಿಗೆ ಒಂದು ಓಲೆ ಬಂದಿತ್ತು. ಮುದುಕಿ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಹೇಗಿದೆ?" ಎಂದ ಓಲೆಕಾರ. "ಕೋಳಿ ಕೆದಕಿದ ಹಾಗಿದೆ" ಎಂದಳು. ಮೂರು ಸಲ ಕೇಳಿದ, ಮೂರು ಸಲವೂ ಕೋಳಿಯೇ ಬಂತು. ಓಲೆ ಹಿಂದಕ್ಕೆ ಹೋಯಿತು. ಆಗಿನ ಮೊಳೆಗಾರ ಒಬ್ಬ ಪಾಪದ ಮನುಷ್ಯ, ಇವಳಿಗೆ ವಿದ್ಯೆ ಕಲಿಸಿದವನು. ಅವನ ಅಂಗೈಗೆ ಸೀಸ ಬಿತ್ತು. ಆಮೇಲೆ ಅವನು ಆ ಕೈಯಲ್ಲಿ ಒಂದು ಕಡ್ಡಿಯನ್ನೂ ಹಿಡಿಯಲಿಲ್ಲ. ಕೇಳಿದವರಿಗೆ ಮುದುಕಿ, "ಕೊರೆದವನು ಅವನು, ಅನುಭವಿಸಿದವನೂ ಅವನೇ. ನಾನೇನು ಮಾಡಲಿ?" ಎಂದಳು. ಅವನ ಉಳಿಯನ್ನು ಮಗಳು ಎತ್ತಿಕೊಂಡಾಗ, "ಕಟುಕನ ಕತ್ತಿ ಹಿಡಿದೆಯಲ್ಲೇ" ಎಂದು ಮುಖ ತಿರುಗಿಸಿದಳು. ಅಂದಿನಿಂದ ಬೇರೆ ಕೇರಿಗಳಿಗೆ ಓಲೆ ಹೋದವು, ಮಸಿಕೇರಿಗೆ ಬರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಚಾವಡಿಯ ಪಾರುಪತ್ಯಗಾರ ಮೊಳೆಗಾತಿಯನ್ನು ಕರೆಸಿದ. ಅವನು ಗೋಡೆಗೆ ಬೆರಳೊತ್ತಿ ಬೆರಳನ್ನು ಅವಳ ಮೂಗಿನ ಮುಂದೆ ಹಿಡಿದ.

"ನೋಡು. ಸುಣ್ಣದ ಮೇಲೆ ಮಸಿ. ಓಲೆಗಳ ಮೇಲೂ ಮಸಿ. ಆ ತಗ್ಗಿನ ಹೊಗೆ ಇಲ್ಲಿವರೆಗೂ ಬರುತ್ತೆ."

"ಮಸಿ ಇಲ್ಲದೆ ಓಲೆ ಎಲ್ಲಿಂದ ಬರುತ್ತೆ, ಒಡೆಯಾ?"

"ಮಸಿ ಬೇಡ ಅಂದವರು ಯಾರು? ಮಸಿ ಬೇಕು, ಮಸಿಯವರು ಬೇಡ. ಹೊಳೆಯಾಚೆ ಕೂತು ಮಾಡಲಿ, ನಾವು ತರಿಸಿಕೊಳ್ತೀವಿ."

ಹೊಳೆಯಾಚೆ ಏನಿತ್ತು? ಬಂಡೆ ಇತ್ತು, ಮುಳ್ಳಿತ್ತು, ಹಾವಿತ್ತು. ನೆರಳಿಗೆಂದು ಒಂದು ಗಿಡ ಇರಲಿಲ್ಲ.

ಓಲೆಯ ಒಕ್ಕಣೆ ಆಗಲೇ ಸಿದ್ಧವಾಗಿತ್ತು. ಪಾರುಪತ್ಯಗಾರ ರಾಗವಾಗಿ ಓದಿದ: "ಶ್ರೀಮನ್ಮಸಿಕೇರಿಯ ಸಮಸ್ತ ಬಂಧುಗಳಲ್ಲಿ ವಿಜ್ಞಾಪನೆ. ತಾವೆಲ್ಲರೂ ಸಕುಟುಂಬ ಸಪರಿವಾರ ಸಮೇತರಾಗಿ, ಮಡಕೆ ಕುಡಿಕೆಗಳೊಂದಿಗೆ, ಸೂರ್ಯಾಸ್ತದೊಳಗೆ ಊರು ಬಿಟ್ಟು ಹೊಳೆಯಾಚೆಗೆ ದಯಮಾಡಿಸಿ ನಮ್ಮನ್ನು ಸಂತೋಷಪಡಿಸಬೇಕಾಗಿ ಕೋರುವ ತಮ್ಮ ವಿಧೇಯ ಚಾವಡಿ." ಓದಿ, ತನ್ನ ಒಕ್ಕಣೆಗೆ ತಾನೇ ತಲೆದೂಗಿದ.

ಮೊಳೆಗಾತಿ ಅಡ್ಡಡ್ಡ ತಲೆಯಾಡಿಸಿದಳು. "ಅಲ್ಲಿ ಹಿರಿಯ ಬಾಯಿ ನಮ್ಮಮ್ಮನದು. ಅವಳು ಚೆಂದ ಅನ್ನಲ್ಲ ಒಡೆಯಾ, ತಿಪ್ಪರಲಾಗ ಹಾಕಿದರೂ ಅನ್ನಲ್ಲ."

"ಅಂತಾಳೆ" ಎಂದ ಪಾರುಪತ್ಯಗಾರ. "ಅನ್ನದಿದ್ದರೆ ಸೀಸ ಯಾರ ಕೈಗೆ ಬೀಳುತ್ತೆ ಅಂತ ಅವಳಿಗೆ ಗೊತ್ತಿಲ್ಲವಾ? ಒಂಬತ್ತು ವರ್ಷ ನಿನಗೆ ಅನ್ನ ಹಾಕಿದ್ದು ಯಾತಕ್ಕೆ ಅಂದುಕೊಂಡೆ?"

ಒಂಬತ್ತು ವರ್ಷ! ಒಂಬತ್ತು ವರ್ಷ ಅವಳು ತನ್ನ ಕೈಚಳಕಕ್ಕೆ ಚಾವಡಿ ಮರುಳಾಗಿದೆ ಎಂದುಕೊಂಡಿದ್ದಳು. ಆ ಕ್ಷಣದಲ್ಲಿ ಅವಳಿಗೆ ತನ್ನ ಕೈಯ ಮೇಲೇ ಅಸಹ್ಯವಾಯಿತು.

ಓಲೆ ಹೊರಡುವ ಮೊದಲೇ ಒಕ್ಕಣೆಯನ್ನು ಹೊರಗೆ ಹೇಳುವುದು ದ್ರೋಹ. ಅವಳು ದ್ರೋಹ ಮಾಡಿದಳು. ಮಧ್ಯಾಹ್ನ ಮಸಿಕೇರಿಗೆ ಹೋದಳು. ತಾಯಿ ಜಗಲಿಯಲ್ಲಿ ಕೂತು ಮಡಕೆ ಕೆರೆಯುತ್ತಿದ್ದಳು.

"ಏನೇ, ಚಾವಡಿಯ ಅನ್ನ ಹಳಸಿತಾ? ಇತ್ತ ಬಂದಿದೀಯ?"

ಮಗಳು ಎಲ್ಲವನ್ನೂ ಹೇಳಿದಳು. ಪಕ್ಕದ ಮನೆಯ ಗೋಂದಿನವಳು ಗೋಡೆಗೆ ಕಿವಿಕೊಟ್ಟು ಕೇಳಿಸಿಕೊಂಡು, ಅಯ್ಯಯ್ಯೋ ಎನ್ನುತ್ತ ಹೊರಗೆ ಬಂದಳು. ಅವಳ ಹಿಂದೆ ಕೇರಿಯೇ ಬಂತು.

"ಅಮ್ಮಾ, ನೀನು ಚೆಂದ ಅನ್ನಬೇಡ. ಏನೇ ಆಗಲಿ ಅನ್ನಬೇಡ" ಎಂದಳು ಮಗಳು. "ನನ್ನ ಕೈ ಹೋದರೆ ಹೋಗಲಿ. ಅದು ಮಾಡಿರೋ ಪಾಪಕ್ಕೆ ಅದು ಹೋಗೋದೇ ಸರಿ."

"ನಿನ್ನ ಕೈ ಕಟ್ಟಿಕೊಂಡು ನನಗೇನಾಗಬೇಕು?" ಎಂದಳು ಮುದುಕಿ. "ಈ ಬಾಯಿ ಇರೋ ತನಕ ಈ ಕೇರಿಯ ಒಂದು ಮಡಕೆ ಅಲ್ಲಾಡಲ್ಲ. ಹೋಗು, ಹೋಗಿ ಕೊರಿ. ಆ ಪಾರುಪತ್ಯಗಾರನ ಮುಸುಡಿಗೆ ಬೆಂಕಿ ಹಾಕ."

ಜನ ನಿಟ್ಟುಸಿರು ಬಿಟ್ಟಿತು. "ಈ ಬಾಯಿ ಕಾಟ ಅಂತ ಎಷ್ಟು ಶಪಿಸಿದ್ದೆವೋ. ಇವತ್ತು ಅದೇ ನಮ್ಮ ಪಾಲಿನ ದೇವರು" ಎಂದಳು ಗೋಂದಿನವಳು.

ಆದರೆ ಮಗಳು ಒಂದನ್ನು ನೋಡಿಬಿಟ್ಟಿದ್ದಳು. ಮಾತಾಡುವಾಗ ಮುದುಕಿಯ ಕೈ ಮಡಕೆಯ ಮೇಲೆ ನಿಂತಿತ್ತು, ಕಣ್ಣು ಮಗಳ ಬಲ ಅಂಗೈಯ ಮೇಲೆ ನಿಂತಿತ್ತು. ಒಂದೇ ಗಳಿಗೆ. ಆಮೇಲೆ ಕೈ ಮತ್ತೆ ಕರಕರ ಕೆರೆಯತೊಡಗಿತು.

ದಾರಿಯುದ್ದಕ್ಕೂ ಮಗಳಿಗೆ ಅದೇ ಚಿಂತೆ. ಅಮ್ಮ ಬೈಯುತ್ತಾಳೆ, ಶಪಿಸುತ್ತಾಳೆ, ಕೈಗೆ ಸಿಕ್ಕಿದ್ದರಲ್ಲಿ ಹೊಡೆಯುತ್ತಾಳೆ. ಒಂದು ಮಾತ್ರ ಮಾಡಿದವಳಲ್ಲ: ಸುಳ್ಳು ಹೇಳಿದವಳಲ್ಲ. ಅಕ್ಷರ ನಿಜವಾಗಿಯೂ ಚೆಂದವಿದ್ದರೆ, ನಾಲಗೆಯ ತುದಿಗೆ ಬಂದ ನಿಜವನ್ನು ನುಂಗುವುದು ಅವಳಿಗೆ ಕಷ್ಟವಾದೀತು, ಅದರಲ್ಲೂ ಮಗಳ ಕೈ ಎದುರಿಗೇ ಇರುವಾಗ. ಅಕ್ಷರ ವಿಕಾರವಾಗಿದ್ದರೆ? ಆಗ ಚೆಂದ ಎನ್ನಲು ಸುಳ್ಳೇ ಹೇಳಬೇಕು. ಅಮ್ಮನ ಬಾಯಲ್ಲಿ ಅದು ಹೊರಡದು.

ಹಾಗೆಂದು ಅವಳು ವಿಕಾರವಾಗಿ ಕೊರೆಯಲು ಕೂತಳು.

ಅದೇನು ಸುಲಭವೇ? ಕೈ ಕೇಳಲಿಲ್ಲ. ಕೊಂಬನ್ನು ಮುರಿಯಲು ಹೋದರೆ ಅದು ತಾನಾಗಿ ಸುರುಳಿಯಾಗುತ್ತಿತ್ತು. ಗುಡಿಸನ್ನು ಚಪ್ಪಟೆ ಮಾಡಿದರೆ ಅದಕ್ಕೂ ಒಂದು ಲಕ್ಷಣ ಬರುತ್ತಿತ್ತು. ಒಂಬತ್ತು ವರ್ಷ ಬಾಗಿ ಬಾಗಿ ನಡೆದವನಿಗೆ ನೆಟ್ಟಗೆ ನಿಲ್ಲು ಎಂದರೆ ನಿಲ್ಲಲಾದೀತೇ? ಅವಳು ಉಳಿಯನ್ನು ಎಡಗೈಗೆ ಹಾಕಿಕೊಂಡಳು. ಕಣ್ಣು ಮುಚ್ಚಿ ಕೊರೆದಳು. ಕೊರೆದದ್ದನ್ನು ಕಲ್ಲಿಗೆ ಕುಟ್ಟಿದಳು. ಇಪ್ಪತ್ತು ದಿನ ಹೀಗೆ ಕುಟ್ಟಿ ಕೆಡಿಸಿ, ಕೊನೆಗೆ ಒಂದು ಓಲೆ ಒತ್ತಿದಳು. ತಲೆಕಟ್ಟುಗಳು ಸೊಟ್ಟಗಿದ್ದವು. ಕೊಂಬುಗಳು ಮೊಂಡಾಗಿದ್ದವು. ಒತ್ತಕ್ಷರಗಳು ಮೇಲಿನ ಅಕ್ಷರದ ಕಾಲಿಗೆ ಬಿದ್ದು ತುಳಿಸಿಕೊಂಡಿದ್ದವು. ಅವಳು ಅದನ್ನು ನೋಡಿ ಬಹಳ ದಿನದ ಮೇಲೆ ನಕ್ಕಳು.

ಓಲೆ ಹೊರಡುವ ಮೊದಲು ಪಾರುಪತ್ಯಗಾರನಿಗೆ ತೋರಿಸಬೇಕಿತ್ತು. ಅಲ್ಲಿ ಸಿಕ್ಕಿಬೀಳುತ್ತೇನೆಂದೇ ಅವಳು ಅಂದುಕೊಂಡಿದ್ದಳು. ಓಲೆಕಾರ ವಸ್ತ್ರ ಸರಿಸಿ, "ಹೇಗಿದೆ?" ಎಂದ. ಪಾರುಪತ್ಯಗಾರ ಅಡಿಕೆ ಕತ್ತರಿಸುತ್ತಿದ್ದ. ಅಡಕತ್ತರಿಯಿಂದ ಕಣ್ಣೆತ್ತದೆ, "ಆಹಾ, ಚೆಂದ! ಚೆಂದ!" ಎಂದ. ಸುತ್ತ ಇದ್ದವರೂ ಚೆಂದ ಚೆಂದ ಎಂದರು. ಒಬ್ಬನಂತೂ ಕಣ್ಣೊರೆಸಿಕೊಂಡ. ಅವಳಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ.

ಮರುದಿನ ಸೂರ್ಯ ನೆತ್ತಿಗೇರುವ ಮೊದಲೇ ಓಲೆ ಮಸಿಕೇರಿಗೆ ಬಂತು. ಮುಂದೆ ಹರಿವಾಣ ಹೊತ್ತ ಓಲೆಕಾರ. ಅವನ ಬಲಕ್ಕೆ ಮೊಳೆಗಾತಿ, ಕಟ್ಟಳೆಯಂತೆ ಬಲ ಅಂಗೈ ಮೇಲೆ ಮಾಡಿ ಚಾಚಿಕೊಂಡು. ಅವಳ ಹಿಂದೆ ಇಬ್ಬರು ಕೆಂಡದ ಒಲೆ ಹೊತ್ತಿದ್ದರು, ಒಲೆಯ ಮೇಲಿನ ಮೂಸೆಯಲ್ಲಿ ಓಲೆಯ ಮೊಳೆಗಳು ಕರಗುತ್ತಿದ್ದವು. ನಲವತ್ತು ಮನೆಯವರೂ ಹೊರಗೆ ನಿಂತಿದ್ದರು. ಮುದುಕಿ ನಡುವೆ ನಿಂತಿದ್ದಳು, ಸೊಂಟದ ಮೇಲೆ ಕೈ.

ಓಲೆಕಾರ ವಸ್ತ್ರ ಸರಿಸಿದ. "ಹೇಗಿದೆ?"

ಜನ ಇಣುಕಿತು. ಮೊದಲು ಒಬ್ಬಳು ಕಿಸಕ್ಕೆಂದಳು, ಆಮೇಲೆ ಎಲ್ಲರೂ ನಗತೊಡಗಿದರು. ಮುದುಕಿ ಬಗ್ಗಿ ನೋಡಿದಳು. "ಸತ್ತ ಜಿರಳೆ ಸಾಲಾಗಿ ಇಟ್ಟ ಹಾಗಿದೆ" ಎಂದಳು. ಕೇರಿ ಹೋ ಎಂದು ಕೂಗಿತು. ಗೋಂದಿನವಳು ಮೊಳೆಗಾತಿಗೆ ಕಣ್ಣು ಮಿಟುಕಿಸಿದಳು. ಮೊಳೆಗಾತಿಗೆ ಎದೆ ತುಂಬಿ ಬಂತು. ಹೇಳಮ್ಮ, ಇನ್ನೆರಡು ಸಲ ಹೇಳು, ನನ್ನವ್ವ, ಎಂದು ಒಳಗೊಳಗೇ ಬೇಡಿಕೊಂಡಳು.

"ಹೇಗಿದೆ?"

ಮೂಸೆಯಲ್ಲಿ ಸೀಸ ಗುಳುಗುಳು ಎಂದಿತು. ಮುದುಕಿ ಆ ಕಡೆ ನೋಡಿದಳು. ನಂತರ ಮಗಳ ಅಂಗೈ ನೋಡಿದಳು. ಬೆರಳುಗಳ ತುದಿಯಲ್ಲಿ ಉಳಿ ತಾಗಿ ಗಟ್ಟಿಯಾದ ಚರ್ಮ, ಹೆಬ್ಬೆರಳ ಬುಡದಲ್ಲಿ ಹಳೆಯ ಸುಟ್ಟ ಗಾಯ, ಗೆರೆಗಳಲ್ಲಿ ಎಷ್ಟು ತೊಳೆದರೂ ಹೋಗದ ಮಸಿಕೇರಿಯ ಮಸಿ. ಮುದುಕಿ ಬಾಯಿ ತೆರೆದಳು, ಮುಚ್ಚಿದಳು. ನಗು ನಿಂತಿತು.

"ಬಯ್ಯಮ್ಮಾ" ಎಂದಳು ಗೋಂದಿನವಳು. "ಅದೇನು ಹೊಸದಾ ನಿನಗೆ?"

"ಅಮ್ಮಾ, ಅನ್ನಬೇಡ" ಎಂದಳು ಮಗಳು.

"ಹೇಗಿದೆ?" ಎಂದ ಓಲೆಕಾರ, ಮೂರನೆಯ ಸಲ.

"ಚೆಂದ" ಎಂದಳು ಮುದುಕಿ.

ಯಾರಿಗೂ ಕೇಳಿಸಿದ್ದು ನಿಜವೆನಿಸಲಿಲ್ಲ. ಅವಳು ಮತ್ತೊಮ್ಮೆ ಹೇಳಿದಳು, ಯಾರ ಮೇಲೋ ಜಗಳಕ್ಕೆ ಹೋದ ಹಾಗೆ ದನಿ ಎತ್ತಿ: "ಚೆಂದ ಇದೆ. ನನ್ನ ಮಗಳು ಕೊರೆದದ್ದು. ಚೆಂದ ಇದೆ!"

ಇಡೀ ಬದುಕಿನಲ್ಲಿ ಮೊಳೆಗಾತಿ ಆಸೆಪಟ್ಟದ್ದು ಆ ಒಂದು ಮಾತಿಗೆ. ಅದು ಬಂತು, ಅವಳು ಕೊರೆದದ್ದರಲ್ಲೆಲ್ಲ ಅತಿ ಹೊಲಸಾದ ಅಕ್ಷರಕ್ಕೆ ಬಂತು. ಅದನ್ನು ಕೇಳುವುದಕ್ಕಿಂತ ಸೀಸವೇ ಮೇಲಾಗಿತ್ತು.

ಓಲೆಕಾರ ಓಲೆ ಓದಿದ. ಸಕುಟುಂಬ, ಸಪರಿವಾರ, ದಯಮಾಡಿಸಿ. ಮಸಿಕೇರಿ ಕೇಳಿಸಿಕೊಂಡಿತು. ಆಮೇಲೆ ಎಲ್ಲರ ಬಾಯೂ ಒಟ್ಟಿಗೆ ಬಿಚ್ಚಿತು.

"ಬೇರೆಯವನ ಕೈ ಸುಟ್ಟಾಗ ನಿನ್ನ ನಾಲಗೆ ಸೇದಿಹೋಗಿರಲಿಲ್ಲವಲ್ಲೇ ಮುದುಕಿ!"

"ನಿನ್ನ ಮಗಳ ಒಂದು ಕೈಗೆ ನಮ್ಮ ಎಂಬತ್ತು ಮಕ್ಕಳಾ?"

"ನಿನ್ನ ವಂಶ ಎಕ್ಕುಟ್ಟಿ ಹೋಗ!"

ಯಾರೋ ಮಡಕೆ ಎಸೆದರು. ಅದು ಮುದುಕಿಯ ಕಾಲ ಬಳಿ ಒಡೆದು ಕಾಡಿಗೆ ಎದ್ದಿತು. ಅವಳು ಅಲ್ಲಾಡಲಿಲ್ಲ. ಎದುರು ಮಾತೂ ಆಡಲಿಲ್ಲ. ಅವಳು ಎದುರು ಮಾತಾಡದೆ ನಿಂತದ್ದನ್ನು ಕೇರಿ ಅಂದೇ ಮೊದಲು ಕಂಡದ್ದು.

ಹೊತ್ತು ಇಳಿಯುವ ಮೊದಲು ನಲವತ್ತು ಮನೆ ಹೊಳೆ ದಾಟಿತು. ಮಕ್ಕಳು ಭುಜದ ಮೇಲೆ, ಮಡಕೆ ತಲೆಯ ಮೇಲೆ. ಬೇರೆ ಕೇರಿಗಳವರು ದಡದಲ್ಲಿ ನಿಂತು ನೋಡಿದರು. ಅವರು ಕೆಟ್ಟವರೇನಲ್ಲ. ಒಬ್ಬರೂ ನಗಲಿಲ್ಲ, ಕೆಲವರು ಅತ್ತರು ಕೂಡ. ಅತ್ತು, ಮನೆಗೆ ಹೋಗಿ ಗೋಡೆ ಒರೆಸಿಕೊಂಡರು. ಎಲ್ಲರ ಹಿಂದೆ ಮುದುಕಿ ಒಬ್ಬಳೇ ಗಂಟು ಹೊತ್ತು ನಡೆದಳು. ಮಗಳು ಓಡಿಬಂದು ಗಂಟಿಗೆ ಕೈ ಹಾಕಿದಳು.

"ಮುಟ್ಟಬೇಡ" ಎಂದಳು ತಾಯಿ. "ಥೂ, ಅದೂ ಒಂದು ಅಕ್ಷರವೇನೇ? ಕುರುಡು ಕತ್ತೆ ಕಾಲಲ್ಲಿ ಬರೆದರೂ ಅದಕ್ಕಿಂತ ಚೆನ್ನಾಗಿರೋದು. ಹೋಗು, ಹಿಂದಕ್ಕೆ ಹೋಗು. ಆ ಕೈ ಇಟ್ಟುಕೊಂಡು ಬದುಕು."

ಮಗಳು ಹಿಂದಕ್ಕೆ ಹೋದಳು. ಹೋಗದೆ ಏನು ಮಾಡಿಯಾಳು? ನಲವತ್ತು ಮನೆ ತೆತ್ತು ಉಳಿಸಿದ ಕೈ ಅದು.

ಈಗ ಚಾವಡಿಯ ಚೆಂದ ಕೇಳಿ. ಯಾವುದನ್ನೂ ಮೆಚ್ಚದ ಮುದುಕಿ ಮೆಚ್ಚಿದ ಅಕ್ಷರ ಎಂದು ಆ ವಿಕಾರದಕ್ಷರಕ್ಕೆ ಎಲ್ಲಿಲ್ಲದ ಮಾನ ಬಂತು. ಇನ್ನು ಮುಂದೆ ಎಲ್ಲ ಓಲೆಗಳೂ ಅದರಲ್ಲೇ ಬರಬೇಕೆಂದು ಪಾರುಪತ್ಯಗಾರ ಅಪ್ಪಣೆ ಮಾಡಿದ. ಹಳೆಯ ಶೃಂಗಾರದಕ್ಷರ ತೀರಾ ಹೆಣ್ಣಿಗತನ, ಇದರಲ್ಲಿ ಒಂದು ಗತ್ತಿದೆ ಎಂದರು ತಿಳಿದವರು. ಮದುವೆಗಳಿಗೆ ಅದನ್ನೇ ಬಾಗಿಲ ಮೇಲೆ ಬರೆಸಿದರು. ಹೆಂಗಸರು ಅದೇ ಮೊಂಡು ಕೊಂಬನ್ನು ರಂಗೋಲಿಯಲ್ಲಿ ಎಳೆದರು. ಮೊಳೆಗಾತಿ ಕಲ್ಲಿಗೆ ಕುಟ್ಟಿ ಕುಟ್ಟಿ ಕೊರೆದಳು, ಊರು ಚೆಂದ ಚೆಂದ ಎಂದಿತು. ಬಡಗಿಗಳ ಕೇರಿಯ ಮರ ಹೋಯಿತು. ಮೀನುಗಾರರ ದೋಣಿ ಹೋಯಿತು. ಓಲೆಗಳೆಲ್ಲ ಗೋಡೆಯೇರಿದವು.

ಪ್ರತಿ ಮಧ್ಯಾಹ್ನ ಮೊಳೆಗಾತಿ ಹೊಳೆಯ ದಡಕ್ಕೆ ಹೋಗಿ ನಿಲ್ಲುತ್ತಿದ್ದಳು. ಆಚೆ ಮುಳ್ಳಿನ ನಡುವೆ ಹೊಗೆ ಏಳುತ್ತಿತ್ತು. ಅವಳು ಕೈ ಎತ್ತಿ ಬೀಸುತ್ತಿದ್ದಳು. ಆಚೆಯಿಂದ ಯಾರೂ ಬೀಸುತ್ತಿರಲಿಲ್ಲ. ಮೂರು ತಿಂಗಳು ಹೀಗೇ ನಡೆಯಿತು. ನೋಡಿದವರು ಚಾವಡಿಗೆ ಹೇಳಿದರು. ಚಾವಡಿ ಇನ್ನೊಂದು ಒಕ್ಕಣೆ ಬರೆಸಿ ಅವಳ ಕೈಗೇ ಕೊಟ್ಟಿತು: "ಮಾನ್ಯರು ಹೊಳೆಯತ್ತ ಪಾದ ಬೆಳೆಸದೆ, ಆಚೆ ದಡದವರ ಮುಖ ನೋಡದೆ, ಅವರ ಹೆಸರೆತ್ತದೆ ನಮ್ಮನ್ನು ಸಂತೋಷಪಡಿಸಬೇಕಾಗಿ ಕೋರಿಕೆ." ಅವಳು ಅದನ್ನು ಕೊರೆದಳು, ಹೊಯ್ದಳು, ಒತ್ತಿದಳು. ಮರುದಿನ ಓಲೆಕಾರ ಅದನ್ನು ಹರಿವಾಣದಲ್ಲಿ ಹೊತ್ತು ಅವಳ ಬಾಗಿಲಿಗೇ ಬಂದ. ಮಸಿಕೇರಿಯಲ್ಲಿ ಹುಟ್ಟಿ ಊರಿನಲ್ಲಿ ಉಳಿದವಳು ಅವಳೊಬ್ಬಳೇ ಅಲ್ಲವೇ? ಕೇರಿಯ ಹಿರಿಯ ಬಾಯಿ ಈಗ ಅವಳದೇ ಆಗಿತ್ತು.

ಊರು ಸೇರಿತ್ತು. ಕೆಂಡದ ಒಲೆ ಹೊತ್ತವರೂ ಬಂದಿದ್ದರು, ವಾಡಿಕೆಗೆ.

"ಹೇಗಿದೆ?" ಎಂದ ಓಲೆಕಾರ.

ಅವಳು ಓಲೆಯನ್ನು ನೋಡಲಿಲ್ಲ. ಚೆಂದ ಎಂದರೆ ತಾಯಿಯ ಮುಖ ಇನ್ನಿಲ್ಲ. ಚೆಂದ ಅಲ್ಲ ಎಂದರೆ ತಾಯಿ ಉಳಿಸಿದ ಕೈ ಇಲ್ಲ. ಎರಡರಲ್ಲಿ ಯಾವುದನ್ನು ಆರಿಸಿದರೂ ತಾಯಿಗೇ ದ್ರೋಹ.

"ಹೇಗಿದೆ?"

"ಚೆಂದ ಅಂದುಬಿಡಮ್ಮ" ಎಂದರು ಜನ, ಕನಿಕರದಿಂದಲೇ. "ನಿನ್ನದೇ ಅಕ್ಷರ. ಹೇಳೋಕೆ ಏನು ಕಷ್ಟ?"

"ಹೇಗಿದೆ?"

"ಹೊಲಸು" ಎಂದಳು ಮೊಳೆಗಾತಿ. "ಹೊಲಸು. ಇದೂ ಹೊಲಸು, ಮುದುಕಿ ಮೆಚ್ಚಿದ್ದೂ ಹೊಲಸು. ಅದಕ್ಕೆ ಮೊದಲು ನಾನು ಕೊರೆದದ್ದಿತ್ತಲ್ಲ, ಸುರುಳಿ ಸುರುಳಿಯಾಗಿ, ನಿಮ್ಮ ಬಾವಿಗಳನ್ನೆಲ್ಲ ನುಂಗಿದ್ದು? ಅದು ಎಲ್ಲಕ್ಕಿಂತ ಹೊಲಸು." ಹೇಳಿ, ಯಾರೂ ಹಿಡಿಯುವ ಮೊದಲೇ ತಾನಾಗಿ ಬಲಗೈ ಚಾಚಿದಳು.

ಸೀಸ ಸುರಿದರು. ಅದನ್ನು ನಾನು ವರ್ಣಿಸುವುದಿಲ್ಲ. ವರ್ಣಿಸಿದರೆ ನಿಮ್ಮಲ್ಲಿ ಯಾರಾದರೂ ಚೆಂದ ಎಂದುಬಿಡುತ್ತೀರಿ. ಚಾವಡಿಗೆ ಆಮೇಲೆ ಬೇರೆ ಕೈ ಸಿಕ್ಕಿತೋ ಇಲ್ಲವೋ ಗೊತ್ತಿಲ್ಲ. ಸಿಕ್ಕಿರುತ್ತದೆ. ಅಂಥ ಊರುಗಳಿಗೆ ಕೈಗಳ ಬರ ಬಂದದ್ದನ್ನು ನಾನು ಕಂಡಿಲ್ಲ.

ಓಲೆ ಬಿದ್ದುಹೋಗಿತ್ತು, ಹೊಳೆಯತ್ತ ಹೋಗುವವಳನ್ನು ತಡೆಯುವವರಿರಲಿಲ್ಲ. ಸುಟ್ಟ ಕೈಗೆ ಬಾಳೆ ಎಲೆ ಸುತ್ತಿ, ಅದನ್ನು ತಲೆಯ ಮೇಲೆ ಎತ್ತಿ ಹಿಡಿದು, ಎದೆಮಟ್ಟದ ನೀರಿನಲ್ಲಿ ಅವಳು ಹೊಳೆ ದಾಟಿದಳು. ಆಚೆ ಮುಳ್ಳು ಕಡಿದು ಹಾಕಿದ ಗುಡಿಸಲುಗಳು. ಅವಳನ್ನು ಕಂಡವರು ಮುಖ ತಿರುಗಿಸಿದರು. ಗೋಂದಿನವಳು ಕ್ಯಾಕರಿಸಿ ಉಗಿದು, ಎಲ್ಲರಿಂದ ದೂರ ಬಂಡೆಯ ಬಳಿ ಒಂಟಿಯಾಗಿದ್ದ ಗುಡಿಸಲಿನ ಕಡೆ ಗದ್ದ ಎತ್ತಿ ತೋರಿಸಿದಳು. ಮೂರು ತಿಂಗಳಿಂದ ಮುದುಕಿಯ ಜೊತೆ ಯಾರೂ ಮಾತಾಡಿರಲಿಲ್ಲ.

ಮುದುಕಿ ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದಳು. ತಲೆಯೆತ್ತಿದಳು. ಬಾಳೆ ಎಲೆ ಕಂಡಿತು.

"ಬಿಚ್ಚು" ಎಂದಳು.

ಮಗಳು ಬಿಚ್ಚಿದಳು. ಮುದುಕಿ ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು ಮಗಳ ಕೆನ್ನೆಗೆ ರಪ್ಪೆಂದು ಬಾರಿಸಿದಳು.

"ಮುಂಡೇದೇ! ಈ ಕೈ ಯಾರದು ಅಂದುಕೊಂಡೆ, ನಿನ್ನದಾ? ನಲವತ್ತು ಮನೆ ಹಾಳು ಮಾಡಿ ಉಳಿಸಿದ್ದೆ ಕಣೇ ಇದನ್ನ! ಎರಡು ಕೂಸು ಸತ್ತವು ಇಲ್ಲಿ ಹಾವು ಕಚ್ಚಿ. ಆ ತಾಯಂದಿರು ನನ್ನ ಮುಖಕ್ಕೆ ಮಣ್ಣು ಎರಚಿದಾಗೆಲ್ಲ ನಾನು ಏನಂದುಕೊಳ್ತಿದ್ದೆ ಗೊತ್ತಾ? ಅಲ್ಲೊಂದು ಕೈ ನೆಟ್ಟಗಿದೆ ಅಂದುಕೊಳ್ತಿದ್ದೆ. ಅದನ್ನೂ ಸುಟ್ಟುಕೊಂಡು ಬಂದೆಯಲ್ಲೇ!"

"ಹೊಲಸು ಅಂದೆ, ಅಮ್ಮಾ" ಎಂದಳು ಮಗಳು. "ಮೂರನೇ ಸಲಕ್ಕೆ ಅಂದೆ."

ಮುದುಕಿ ಅಲ್ಲೇ ನೆಲದ ಮೇಲೆ ಕುಸಿದಳು. ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. "ಆ ಮಾತು ನಾನು ಆಡಬೇಕಾಗಿತ್ತು ಕಣೇ" ಎಂದಳು. "ನನ್ನ ಬಾಯಿಗೆ ಆ ಹೊತ್ತಿನಲ್ಲಿ ಏನು ಬಡಿದಿತ್ತೋ. ನಾನು ಆಡಬೇಕಾಗಿತ್ತು."

ಮುದ್ದೆ ಸೀಯುವ ವಾಸನೆ ಬಂದಾಗ ಎದ್ದಳು. ಮೂಗು ಒರೆಸಿಕೊಂಡು, ತಟ್ಟೆಗೆ ಮುದ್ದೆ ಹಾಕಿ, ಸಾರು ಬಿಟ್ಟು ಮಗಳ ಮುಂದೆ ತಳ್ಳಿದಳು. ಮಗಳು ಎಡಗೈ ಚಾಚಿದಳು. ಮುದುಕಿ ಆ ಕೈಗೆ ಫಟ್ಟನೆ ಹೊಡೆದಳು.

"ಎಡಗೈಯಲ್ಲಿ ಉಣ್ತೀಯಾ? ನಾನಿನ್ನೂ ಸತ್ತಿಲ್ಲ."

ತಾನೇ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನಲವತ್ತು ದಾಟಿದ ಮಗಳ ಬಾಯಿಗೆ ಇಟ್ಟಳು. "ನುಂಗು, ಶನಿ" ಎಂದಳು. ಇನ್ನೊಂದು ತುತ್ತು ಇಟ್ಟು, "ನಿನ್ನನ್ನ ಹೆತ್ತ ಹೊಟ್ಟೆಗೆ ಬೆಂಕಿ ಬೀಳ" ಎಂದಳು. ಮಗಳು ಅಳುತ್ತಲೇ ನುಂಗಿದಳು. ತಟ್ಟೆ ಖಾಲಿಯಾಗುವವರೆಗೂ ಮುದುಕಿ ಬೈಯುತ್ತಲೇ ಇದ್ದಳು, ತುತ್ತು ಇಡುತ್ತಲೇ ಇದ್ದಳು.